ದೊಣ್ಣೆಯಪ್ಪನ ಪಾಲು

ಎಂಟಕ್ಕನಿಗೆ ಬಲಗೈಯಲ್ಲಿ ಐದು ಬೆರಳು, ಎಡಗೈಯಲ್ಲಿ ಮೂರು. ಆ ಹೆಸರು ಎಲ್ಲಿಂದ ಬಂತು ಎಂದು ಗುಜರಿ ಅಂಗಳದಲ್ಲಿ ಯಾರೂ ಕೇಳುವುದಿಲ್ಲ. ಹತ್ತು ಬೆರಳಿದ್ದವರು ಅವಳಷ್ಟು ಕೆಲಸ ಮಾಡಿ ತೋರಿಸಲಿ, ನನ್ನ ಒಂದು ದಿನದ ಸಂಬಳ ಕೊಡುತ್ತೇನೆ ಎಂದು ತೂಕದ ಗುಮಾಸ್ತ ಹೊಸಬರಿಗೆಲ್ಲ ಪಂದ್ಯ ಕಟ್ಟುತ್ತಿದ್ದ. ಇಷ್ಟು ವರ್ಷಗಳಲ್ಲಿ ಅವನ ಸಂಬಳ ಒಮ್ಮೆಯೂ ಕೈಬಿಟ್ಟು ಹೋಗಿಲ್ಲ.

ಅವಳ ಕೆಲಸ ಒಡೆಯುವುದು. ತಗಡಿನ ಚಪ್ಪರದ ಕೆಳಗೆ ಕಬ್ಬಿಣದ ದಿಮ್ಮಿಯ ಮೇಲೆ ಕೂತು, ಸುಟ್ಟುಹೋದ ಮೋಟಾರೊಂದನ್ನು ಎರಡು ಪಾದಗಳ ನಡುವೆ ಸಿಕ್ಕಿಸಿಕೊಂಡು, ಉಳಿ ಇಟ್ಟು ಸುತ್ತಿಗೆ ಬೀಸಿದಳೆಂದರೆ ಮೂರನೆಯ ಏಟಿಗೆ ಅದರ ಹೊಟ್ಟೆ ಬಾಯಿಬಿಡುತ್ತಿತ್ತು. ಆಮೇಲೆ ಒಳಗಿನ ತಾಮ್ರದ ತಂತಿಯನ್ನು ಕರುಳು ಎಳೆದ ಹಾಗೆ ಎಳೆದು ಪಕ್ಕಕ್ಕೆ ಎಸೆಯುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಇದೇ. ಅಂಗಳದಲ್ಲಿ ಒಂದು ಕಡೆ ಒಡೆಯುವ ಸದ್ದು, ಇನ್ನೊಂದು ಕಡೆ ಗ್ಯಾಸ್ ಕಟ್ಟರಿನ ಬುಸುಗುಟ್ಟುವಿಕೆ, ನಡುವೆ ಲಾರಿಯಿಂದ ಸುರಿಯುವ ಕಬ್ಬಿಣದ ಆರ್ಭಟ. ವಾರಕ್ಕೊಬ್ಬರಾದರೂ ರಕ್ತ ಸುರಿಸಿಕೊಂಡು ಮನೆಗೆ ಹೋಗುತ್ತಿದ್ದರು. ಅದನ್ನು ಅಲ್ಲಿ ಸುದ್ದಿ ಎಂದು ಯಾರೂ ಹೇಳುತ್ತಿರಲಿಲ್ಲ.

ಗಂಡ ಎನ್ನುವವನೊಬ್ಬ ಇದ್ದ. ದಿನ ತಪ್ಪಿದರೂ ಅವನ ಹೊಡೆತ ತಪ್ಪುತ್ತಿರಲಿಲ್ಲ. ಒಂದು ಬೆಳಗ್ಗೆ ಅವನು ಕೈ ಎತ್ತಿದ ಹೊತ್ತಿಗೆ ಅವಳು ಕೆಲಸಕ್ಕೆ ಹೊರಟಿದ್ದಳು. ಕೈಯಲ್ಲಿ ಸುತ್ತಿಗೆ ಇತ್ತು. ಅವಳು ಹೊಡೆಯಲಿಲ್ಲ, ಬೈಯಲಿಲ್ಲ, ಸುಮ್ಮನೆ ಹಿಡಿದುಕೊಂಡು ನಿಂತಳು. ಅವನು ಸುತ್ತಿಗೆ ನೋಡಿದ, ಅವಳ ಮುಖ ನೋಡಿದ, ಚಪ್ಪಲಿ ಮೆಟ್ಟಿಕೊಂಡ. ಹೋದವನು ಹೋದ. ಮಕ್ಕಳಿರಲಿಲ್ಲ. ಹಾಗಾಗಿ ಅಂಗಳದವರ ಮಕ್ಕಳೆಲ್ಲ ಅವಳವೇ ಆದವು.

ಶಾಲೆ ಬಿಟ್ಟ ಕೂಡಲೇ ಐದಾರು ಮಕ್ಕಳು ಚಪ್ಪರದ ಕೆಳಗೆ ಸೇರುತ್ತಿದ್ದವು. ಅವಳದು ಒಂದೇ ಕಟ್ಟಳೆ: ಮೊದಲು ಕೆಲಸ, ಆಮೇಲೆ ಕಥೆ, ಕೊನೆಗೆ ಕಾಸು. ಕೋಲಿನ ತುದಿಗೆ ಕಟ್ಟಿದ ಅಯಸ್ಕಾಂತವನ್ನು ಮಣ್ಣಿನ ಮೇಲೆ ಎಳೆದರೆ ಕಬ್ಬಿಣದ ಚೂರೆಲ್ಲ ಅದಕ್ಕೆ ಅಂಟಿಕೊಳ್ಳುತ್ತಿತ್ತು. ಅಂಟದೆ ಉಳಿದ ತಾಮ್ರದ ಚೂರನ್ನು ಮಕ್ಕಳು ಕೈಯಲ್ಲಿ ಆರಿಸಿ ಡಬ್ಬಿಗೆ ಹಾಕಬೇಕು. ಡಬ್ಬಿ ತುಂಬಿದರೆ ಮೂರು ನಾಣ್ಯ. ಒಂದು ಬಾಯಿಗೆ, ಒಂದು ಮನೆಗೆ, ಒಂದು ದೊಣ್ಣೆಯಪ್ಪನಿಗೆ.

ದೊಣ್ಣೆಯಪ್ಪ ಯಾರು ಎಂದು ಹೊಸ ಮಗು ಕೇಳಿದರೆ ಹಳೆಯ ಮಕ್ಕಳೇ ಹೇಳುತ್ತಿದ್ದವು. ಅವನು ಆಳೆತ್ತರದ ದೊಣ್ಣೆ ಹೊತ್ತು ಬೀದಿ ಬೀದಿ ಸುತ್ತುತ್ತಾನೆ. ಯಾವ ಮನೆಗೆ ಯಾವತ್ತು ಬರುತ್ತಾನೋ ಅವನಿಗೇ ಗೊತ್ತಿಲ್ಲ. ಬಂದವನೇ ಬಾಗಿಲು ಬಡಿದು, ನನಗೆಂದು ಏನಿಟ್ಟಿದ್ದೀಯ ಅನ್ನುತ್ತಾನೆ. ಇಟ್ಟದ್ದನ್ನು ಕೊಟ್ಟರೆ ಎಣಿಸದೆ ಜೇಬಿಗೆ ಹಾಕಿಕೊಂಡು ಹೋಗುತ್ತಾನೆ. ಏನೂ ಇಲ್ಲವೆಂದರೆ ಮೊದಲ ಏಟು ಮೊಣಕಾಲಿಗೆ, ಎರಡನೆಯದು ಒಲೆಗೆ, ಮೂರನೆಯದು ಸೂರಿಗೆ. ಎಂಟಕ್ಕ ಹೇಳುವಾಗ ಪ್ರತಿ ಏಟಿಗೂ ಸುತ್ತಿಗೆಯಿಂದ ದಿಮ್ಮಿಗೆ ಒಂದು ಬಾರಿಸುತ್ತಿದ್ದಳು. ಮಕ್ಕಳು ಬೆಚ್ಚುತ್ತಿದ್ದವು, ಇನ್ನೊಂದು ಸಲ ಅನ್ನುತ್ತಿದ್ದವು.

ಇಂಥ ಕಥೆ ಕೇಳಿ ಮಕ್ಕಳು ನಿದ್ದೆಯಲ್ಲಿ ಕಿರುಚುತ್ತವೆ ಎಂದು ತಾಯಂದಿರು ಜಗಳಕ್ಕೆ ಬಂದಿದ್ದರು. ಮೊಲದ ಕಥೆ, ಗಿಣಿಯ ಕಥೆ ಹೇಳಬಾರದೇ ಎಂದು ಗುಮಾಸ್ತನೂ ಕೇಳಿದ್ದ. ಮೊಲ ಈ ಬೀದಿಗೆ ಬಂದದ್ದನ್ನು ನಾನಂತೂ ನೋಡಿಲ್ಲ, ದೊಣ್ಣೆ ಬಂದದ್ದನ್ನು ನೋಡಿದ್ದೇನೆ ಎಂದು ಅವಳು ಮುಂದಿನ ಮೋಟಾರು ಎಳೆದುಕೊಂಡಿದ್ದಳು.

ಅವಳ ಬೆರಳುಗಳ ಕಥೆಯೂ ಇತ್ತು. ಅದನ್ನು ವರ್ಷಕ್ಕೆ ಎರಡೋ ಮೂರೋ ಸಲ ಹೇಳುತ್ತಿದ್ದಳು. ಹನ್ನೆರಡು ವರ್ಷದ ಒಬ್ಬ ಹುಡುಗಿ, ಅಪ್ಪನ ಜೊತೆ ತಗಡಿನ ಕಾರ್ಖಾನೆಗೆ ಹೋಗುತ್ತಾಳೆ. ಕತ್ತರಿಸುವ ಯಂತ್ರಕ್ಕೆ ತಗಡು ಕೊಡುವುದು ಅವಳ ಕೆಲಸ. ಒಂದು ದಿನ ತಗಡಿನ ಜೊತೆ ಬೆರಳೂ ಹೋಗುತ್ತವೆ. ನೋವಲ್ಲ, ಮೊದಲು ತಣ್ಣಗೆ ಅನಿಸಿತು ಎನ್ನುವಾಗ ಮಕ್ಕಳೆಲ್ಲ ತಮ್ಮ ಬೆರಳು ಹಿಡಿದುಕೊಳ್ಳುತ್ತಿದ್ದವು. ಯಜಮಾನ ಕಾಗದದಲ್ಲಿ ಹಣ ಸುತ್ತಿ ಅಪ್ಪನ ಕೈಗಿಟ್ಟ. ಮೊದಲ ದಿನ ಅಪ್ಪ ಮತ್ತು ಅವನ ಏಳು ಗೆಳೆಯರು ಕುಡಿದರು. ಎರಡನೆಯ ದಿನ ಇಸ್ಪೀಟು ಆಡಿದರು. ಮೂರನೆಯ ದಿನ ಆ ಏಳು ಮಂದಿಯೇ ಅಪ್ಪನನ್ನು ಚರಂಡಿಗೆ ಕೆಡವಿ ಒದ್ದು ಉಳಿದದ್ದನ್ನು ಕಿತ್ತುಕೊಂಡರು.

“ಈಗ ಹೇಳಿ, ಆ ಬೆರಳಿಗೆ ಬೆಲೆ ಎಷ್ಟು?”

ಮಕ್ಕಳು ಬಾಯಿಗೆ ಬಂದ ಸಂಖ್ಯೆ ಹೇಳುತ್ತಿದ್ದವು.

“ಎಷ್ಟಾದ್ರೂ ಇರ್ಲಿ. ಒಂದು ಕಾಸೂ ಉಳೀಲಿಲ್ಲ ಅಂದ್ರೆ ಬೆರಳು ಪುಕ್ಕಟೆ ಹೋಯ್ತು ಅಂತ.”

ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಒಂದೇ ಒಂದು ಸಂಗತಿಯನ್ನು ಅವಳು ಯಾವತ್ತೂ ಹೇಳುತ್ತಿರಲಿಲ್ಲ. ಆ ಹಣದಲ್ಲಿ ಒಂದು ವಸ್ತು ಮನೆಗೆ ಬಂದಿತ್ತು: ಆರು ವರ್ಷದ ತಮ್ಮನಿಗೆ ಒಂದು ಜೊತೆ ಕೆಂಪು ಬೂಟು. ಆ ತಮ್ಮ ಈಗ ಅದೇ ಅಂಗಳದಲ್ಲಿ ಗ್ಯಾಸ್ ಕಟ್ಟರ್ ಹಿಡಿಯುತ್ತಾನೆ. ಅವನ ಮಗಳು ಕಥೆ ಕೇಳುವ ಮಕ್ಕಳಲ್ಲಿ ಎಲ್ಲರಿಗಿಂತ ದೊಡ್ಡವಳು. ಅವರ ಮುಂದೆ ಹೇಗೆ ಹೇಳುವುದು?

ಮಗಳಿಗೆ ಚಿಲಕ ಎಂದು ಅಡ್ಡಹೆಸರು. ಬಾಯಿ ತೆಗೆಯುವುದೇ ಅಪರೂಪ. ತಾಯಿ ಇಲ್ಲದ ಹುಡುಗಿ, ಹದಿಮೂರು ವರ್ಷ. ಅವಳಿಗೆ ತದ್ವಿರುದ್ಧ ಎಂದರೆ ಕಾವಲುಗಾರನ ಮೊಮ್ಮಗ, ಏಳು ವರ್ಷದ ಡಂಗುರ. ಅವನ ಕಿವಿಗೆ ಬಿದ್ದದ್ದು ಗೇಟು ದಾಟುವಷ್ಟರಲ್ಲಿ ಊರಿಗೆಲ್ಲ ಗೊತ್ತಾಗುತ್ತಿತ್ತು.

ದೊಣ್ಣೆಯಪ್ಪನ ಪಾಲು ಇಡಲು ಎಂಟಕ್ಕ ಕಂಡುಕೊಂಡ ಜಾಗ ಅಂಗಳದವರಿಗೆ ಮಾತ್ರ ಹೊಳೆಯುವಂಥದು. ಹಳೆಯ ಫ್ರಿಜ್ಜುಗಳ ತಳದಲ್ಲಿ ಕರಿ ಗಡಿಗೆಯಂಥ ಕಂಪ್ರೆಸರ್ ಇರುತ್ತದೆ. ಸುತ್ತ ಬೆಸುಗೆ ಹಾಕಿ ಮುಚ್ಚಿದ ಉಕ್ಕಿನ ಗುಂಡು. ಅಂಥದೊಂದರ ಒಳಗನ್ನು ತೆಗೆದುಹಾಕಿ, ಮತ್ತೆ ಬೆಸೆಸಿ, ಪೈಪಿನ ತೂತನ್ನು ನಾಣ್ಯ ಹಿಡಿಸುವಷ್ಟು ದೊಡ್ಡದು ಮಾಡಿಸಿದ್ದಳು. ಕಾಸು ಹಾಕಿದ ಮೇಲೆ ತೂತಿಗೆ ಎಣ್ಣೆಮಣ್ಣು ಮೆತ್ತಿ, ಅರವತ್ತು ಎಪ್ಪತ್ತು ಕಂಪ್ರೆಸರುಗಳ ಗುಡ್ಡೆಯೊಳಗೆ ಉರುಳಿಸಿಬಿಡುತ್ತಿದ್ದಳು. ಗುರುತಿಗೆ ಮೇಲೊಂದು ಸೀಮೆಸುಣ್ಣದ ಕತ್ತರಿ ಗೀಟು. ಅದು ಮಕ್ಕಳಿಗೆ. ಅವಳಿಗೆ ಗೀಟು ಬೇಕಿರಲಿಲ್ಲ. ಅದರ ಭುಜದ ಮೇಲಿನ ತಗ್ಗು ಅವಳದೇ ಸುತ್ತಿಗೆಯದು. ಯಾರ ಕಾಸು ಎಷ್ಟು ಎಂಬುದಕ್ಕೆ ಪ್ರತಿ ಮಗುವಿನದೂ ಒಂದೊಂದು ತಂತಿ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಒಂದು ನಾಣ್ಯಕ್ಕೆ ಒಂದು ಬಾಗು. ಚಿಲಕಳ ತಂತಿ ಎಲ್ಲಕ್ಕಿಂತ ಉದ್ದ, ಹಲ್ಲುಹಲ್ಲಾಗಿ ಗರಗಸದಂತಿತ್ತು.

ಆ ಉದ್ದಕ್ಕೆ ಕಾರಣ ಒಂದು ಹೊಲಿಗೆ ಯಂತ್ರ. ಮೂರು ತಿಂಗಳ ಹಿಂದೆ ಲಾರಿಯಿಂದ ಬಿದ್ದಿತ್ತು. ಪೆಡಲ್ ಮುರಿದಿದ್ದರೂ ಮೈ ಗಟ್ಟಿ. ಚಿಲಕ ಅದನ್ನು ಉಜ್ಜಿ, ಎಣ್ಣೆ ಬಿಟ್ಟು, ಸೂಜಿ ಏರಿಳಿಯುವಂತೆ ಮಾಡಿದ್ದಳು. ಗುಜರಿ ತೂಕದ ಬೆಲೆಗೇ ಕೊಡುತ್ತೇನೆ, ಆದರೆ ಈ ಶನಿವಾರದವರೆಗೆ ಮಾತ್ರ ಎಂದಿದ್ದ ಯಜಮಾನ. ಶನಿವಾರ ಸಂಜೆ ಬೀಡುಕಬ್ಬಿಣದ ಲಾರಿ ಬರುತ್ತದೆ. ಅದಕ್ಕೆ ಹಾಕುವ ಮುಂಚೆ ಎಲ್ಲವನ್ನೂ ಚೂರು ಮಾಡಬೇಕು. ಚೂರು ಮಾಡುವವಳು ಎಂಟಕ್ಕನೇ. ಹಾಗಾಗಿ ಶನಿವಾರ ಮಧ್ಯಾಹ್ನ ಕಾಸಿನ ಕರಿಗುಂಡನ್ನು ಒಡೆಯುವುದೆಂದು ನಿಶ್ಚಯವಾಗಿತ್ತು.

ಗುರುವಾರ ತಮ್ಮ ತುಟಿ ಒಡೆದುಕೊಂಡು ಕೆಲಸಕ್ಕೆ ಬಂದ. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಇಸ್ಪೀಟಿನ ಮನೆಯವರು ಹಾಗೆ ಮಾಡಿದ್ದರು. ಭಾನುವಾರದೊಳಗೆ ಹಣ ಬರದಿದ್ದರೆ ಮುಂದಿನದು ಕೈ ಎಂದಿದ್ದರು. ಅಕ್ಕನ ಬಳಿ ಕೇಳಿದ. ಅಕ್ಕ ಹಿಂದೆ ಎರಡು ಸಲ ಕೊಟ್ಟಿದ್ದಳು, ಮೂರನೆಯ ಸಲ ಇಲ್ಲವೆಂದಳು. ಅವನು ಡಂಗುರನಿಗೆ ಮಿಠಾಯಿ ಕೊಡಿಸಿದ. ಡಂಗುರ ಮಿಠಾಯಿ ಬಾಯಲ್ಲಿಟ್ಟುಕೊಂಡೇ ಕರಿಗುಂಡು, ಗುಡ್ಡೆ, ಕತ್ತರಿ ಗೀಟು ಎಲ್ಲ ಹೇಳಿ ಮುಗಿಸಿದ. ಆಮೇಲೆ ಓಡಿಹೋಗಿ ಚಿಲಕಳಿಗೂ ಹೇಳಿದ. ಚಿಲಕ ಯಾರಿಗೂ ಏನೂ ಹೇಳಲಿಲ್ಲ.

ಶುಕ್ರವಾರ ಮಧ್ಯಾಹ್ನ, ಊಟದ ಹೊತ್ತು. ಎಲ್ಲರೂ ಬೇಲಿಯ ಬದಿಯ ನೆರಳಿಗೆ ಹೋಗಿದ್ದರು. ಎಂಟಕ್ಕ ಡಬ್ಬಿ ತೆರೆದು ಎರಡು ತುತ್ತು ತಿಂದಿರಬಹುದು. ಗುಡ್ಡೆಯ ಹಿಂದೆ ಕಟ್ಟರಿನ ಸದ್ದು ಕೇಳಿತು. ಊಟದ ಹೊತ್ತಿನಲ್ಲಿ ಯಾರಪ್ಪ ಇಷ್ಟು ದುಡಿಮೆಗಾರ ಎಂದುಕೊಂಡು, ಕೈ ಒರೆಸಿ, ಅಭ್ಯಾಸಬಲದಿಂದ ಸುತ್ತಿಗೆ ಎತ್ತಿಕೊಂಡು ಹೋದಳು.

ತಮ್ಮ ಮಂಡಿಯೂರಿ ಕೂತಿದ್ದ. ಮುಂದೆ ಕತ್ತರಿ ಗೀಟಿನ ಕಂಪ್ರೆಸರ್. ಹೊತ್ತೊಯ್ಯಲು ಗೇಟಿನಲ್ಲಿ ಕಾವಲುಗಾರ ಬಿಡುವುದಿಲ್ಲ, ಸುತ್ತಿಗೆಯಿಂದ ಒಡೆದರೆ ನಾಲ್ಕು ಜನ ಬರುತ್ತಾರೆ, ಹಾಗಾಗಿ ಬೆಂಕಿ. ನೀಲಿ ಜ್ವಾಲೆ ಆಗಲೇ ಉಕ್ಕಿನ ಮೇಲೆ ಕೆಂಪು ಚುಕ್ಕೆ ಮಾಡಿತ್ತು.

ಎಂಟಕ್ಕ ಮೊದಲು ನೋಡಿದ್ದು ಗೀಟನ್ನು, ಆಮೇಲೆ ಭುಜವನ್ನು. ಭುಜದ ಮೇಲೆ ತಗ್ಗು ಇರಲಿಲ್ಲ.

ಅದು ಅವರ ಗುಂಡಲ್ಲ. ಬುಧವಾರ ಬಂದ ಲೋಡಿನದು. ಪೈಪು ಕತ್ತರಿಸಿಲ್ಲ, ತೂತು ಕೊರೆದಿಲ್ಲ, ಒಳಗೆ ಎಣ್ಣೆ ತುಂಬಿದೆ. ಎಣ್ಣೆ ಬಸಿಯದೆ ಕಂಪ್ರೆಸರಿಗೆ ಬೆಂಕಿ ತೋರಿಸಬಾರದು ಎಂಬುದು ಆ ಅಂಗಳದಲ್ಲಿ ಮೊದಲ ದಿನ ಕಲಿಯುವ ಮೊದಲ ಪಾಠ. ಹದಿನೈದು ವರ್ಷ ಕಟ್ಟರ್ ಹಿಡಿದವನಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಅವನ ಮಟ್ಟಿಗೆ ಒಳಗೆ ಇದ್ದದ್ದು ಎಣ್ಣೆಯಲ್ಲ, ಕಾಸು. ಅಲ್ಲಾಡಿಸಿದಾಗ ಗಲಗಲ ಅಂದದ್ದು ಒಳಗಿನ ಸ್ಪ್ರಿಂಗು. ಅವನಿಗೆ ಅದು ನಾಣ್ಯವಾಗಿ ಕೇಳಿಸಿತ್ತು.

ಒಂದು ಉಸಿರಿನಷ್ಟು ಹೊತ್ತು ಅವಳು ಸುಮ್ಮನಿದ್ದಳು. ಇದಲ್ಲ ಎಂದರೆ, ಯಾವುದು ಎಂದು ಕೇಳುತ್ತಾನೆ. ಹೇಳದಿದ್ದರೆ ಗುಡ್ಡೆಯನ್ನೇ ಅಗೆಯುತ್ತಾನೆ. ನಾಳೆ ಹುಡುಗಿಯ ಯಂತ್ರ ತನ್ನದೇ ಸುತ್ತಿಗೆಯ ಕೆಳಗೆ ಬರುತ್ತದೆ. ಆಮೇಲೆ ಅವಳು ಬಾಯಿ ತೆರೆದಳು.

“ಲೋ, ಬೆಂಕಿ ತೆಗಿ. ಅದರಲ್ಲಿ ಎಣ್ಣೆ ಇದೆ.”

ಅವನು ತಲೆ ಎತ್ತಲಿಲ್ಲ.

“ಕಥೆ ಹೇಳ್ಬೇಡಕ್ಕ. ನಾನೇನು ನಿನ್ನ ಕಥೆ ಕೇಳೋ ಮಗು ಅಲ್ಲ.”

“ತಮ್ಮಾ, ಇದು ಕಥೆಯಲ್ಲ. ಅದು ನಮ್ಮದಲ್ಲ ಕಣೋ, ಲೋಡಿಂದು.”

“ನಿನ್ನ ದೊಣ್ಣೆಯಪ್ಪ ಬಂದಿದಾನೆ ಅಂದ್ಕೋ. ಅವನ ಪಾಲು ಅವನು ತಗೊಂಡು ಹೋಗ್ತಾನೆ.”

ಅವಳು ತೋಳು ಹಿಡಿದು ಎಳೆದಳು. ಅವನು ಮೊಣಕೈ ಹಿಂದಕ್ಕೆ ಬೀಸಿದ. ಅದು ಅವಳ ಬಾಯಿಗೆ ಬಡಿದು ಒಂದು ಹಲ್ಲು ಸಡಿಲವಾಯಿತು, ರಕ್ತ ಗದ್ದಕ್ಕಿಳಿಯಿತು. ಅವನು ಜ್ವಾಲೆಯನ್ನು ಇನ್ನಷ್ಟು ಹತ್ತಿರ ಒತ್ತಿದ. ಕೆಂಪು ಚುಕ್ಕೆ ಬಿಳಿಯಾಗತೊಡಗಿತು. ಮಾತಿಗೆ ಜಾಗ ಇರಲಿಲ್ಲ. ಎಂಟಕ್ಕ ಮೂವತ್ತು ವರ್ಷ ಮೋಟಾರುಗಳಿಗೆ ಹಾಕಿದ ಏಟನ್ನು ತಮ್ಮನ ಬಲ ಮಣಿಕಟ್ಟಿಗೆ ಹಾಕಿದಳು.

ಮೂಳೆ ಮುರಿದ ಸದ್ದು ಅವಳಿಗೆ ಕೇಳಿಸಿತು. ಒಣ ಸದ್ದು, ಬೇರೆ ಯಾವ ಸದ್ದಿನ ಹಾಗೂ ಇರಲಿಲ್ಲ. ಕಟ್ಟರ್ ಕೈಯಿಂದ ಹಾರಿ ನೆಲದ ಮೇಲೆ ಬೆಂಕಿ ಉಗುಳುತ್ತಾ ಹೊರಳಾಡಿತು. ಅವನು ಕೂಗಲು ಬಾಯಿ ತೆರೆದ. ಅವಳು ಅವನ ಕೊರಳಪಟ್ಟಿಗೆ ಕೈಹಾಕಿ ಹಿಂದಕ್ಕೆ ಎಳೆದುಕೊಂಡು ಬಿದ್ದಳು. ಅಷ್ಟರಲ್ಲಿ ಗುಂಡು ಸಿಡಿಯಿತು.

ಬೆಸುಗೆ ಒಂದು ಬದಿಯಲ್ಲಿ ಬಾಯಿಬಿಟ್ಟು, ಉರಿಯುವ ಎಣ್ಣೆ ಆಳೆತ್ತರಕ್ಕೆ ಚಿಮ್ಮಿತು. ಒಂದು ಗಳಿಗೆ ಹಿಂದೆ ತಮ್ಮನ ಮುಖ ಇದ್ದ ಜಾಗ ಬರೀ ಬೆಂಕಿಯಾಗಿತ್ತು. ಎಣ್ಣೆಯ ಒಂದು ನಾಲಗೆ ಅವಳ ಎಡತೋಳನ್ನು ಮೊಣಕೈಯಿಂದ ಭುಜದವರೆಗೆ ನೆಕ್ಕಿತು, ಇನ್ನೊಂದು ಅವನ ಕಾಲಿಗೆ ಹತ್ತಿತು. ಅವಳು ಉರಿಯುವ ತೋಳನ್ನು ಮಣ್ಣಿಗೆ ಉಜ್ಜುತ್ತಲೇ ಸಿಲಿಂಡರಿನ ಬಳಿಗೆ ತೆವಳಿ, ತಿರುಪು ತಿರುಗಿಸಿ ಗ್ಯಾಸು ನಿಲ್ಲಿಸಿದಳು. ಜನ ಮರಳಿನ ಬಕೆಟ್ಟು ಹಿಡಿದು ಓಡಿಬಂದರು. ತಮ್ಮ ಮಣ್ಣಿನಲ್ಲಿ ಬಿದ್ದು, ಮುರಿದ ಕೈಯನ್ನು ಎದೆಗೊತ್ತಿಕೊಂಡು, ಕೈ ಮುರಿದಳು, ಕೈ ಮುರಿದಳು ಎಂದು ಒಂದೇ ಸಮನೆ ಹೇಳುತ್ತಿದ್ದ. ಮುಖ ಉಳಿದ ಮಾತು ಅವನ ಬಾಯಿಂದ ಬರಲಿಲ್ಲ.

ಆಸ್ಪತ್ರೆಯಲ್ಲಿ ತೋಳಿಗೆ ಬಟ್ಟೆ ಸುತ್ತಿಸಿಕೊಂಡು ಹೊರಗೆ ಬಂದಾಗ ಬೆಂಚಿನ ಮೇಲೆ ಚಿಲಕ ಕೂತಿದ್ದಳು. ಅವಳ ಬಲಗೈ ಹೆಬ್ಬೆರಳು ತೋರುಬೆರಳಿನ ಸಂದಿಯಲ್ಲಿ ಬಿಳಿ ಪುಡಿ ಇನ್ನೂ ಇತ್ತು. ಎಂಟಕ್ಕ ಅದನ್ನು ನೋಡಿ ಪಕ್ಕದಲ್ಲಿ ಕೂತಳು. ಹುಡುಗಿ ಆ ಬೆರಳನ್ನು ಅಂಗಿಗೆ ಒರೆಸಿಕೊಂಡಳು.

“ಅತ್ತೆ, ಗೀಟು ಒರೆಸಿ ಬೇರೆದಕ್ಕೆ ಹಾಕ್ದೋಳು ನಾನು. ಎಣ್ಣೆ ಇರುತ್ತೆ ಅಂತ ನೆನಪೇ ಆಗ್ಲಿಲ್ಲ.”

“ಗೊತ್ತು.”

“ಅಪ್ಪ ಸತ್ತುಹೋಗ್ತಿದ್ದ.”

“ಹೋಗ್ಲಿಲ್ಲ. ಅವನು ಕೇಳಿದ್ರೆ ಗೀಟು ಹಾಕಿದ್ದು ನಾನು ಅಂತ ಹೇಳ್ತೀನಿ. ನೀನು ಹೇಳ್ಲೇಬೇಕು ಅನ್ಸಿದ ದಿನ ಹೇಳು. ಅಲ್ಲೀವರೆಗೆ ನನ್ನ ತಲೆ ಮೇಲೆ ಇರ್ಲಿ, ಭಾರ ಹೊತ್ತು ಅಭ್ಯಾಸ ಇದೆ.”

ಹುಡುಗಿ ಮೂಗು ಒರೆಸಿಕೊಂಡು, ತನ್ನ ತಂತಿಯ ಕಾಸೆಲ್ಲ ಆಸ್ಪತ್ರೆಗೆ ಕೊಡುತ್ತೇನೆ, ಯಂತ್ರ ಬೇಡ ಎಂದಳು. ದೊಣ್ಣೆಯಪ್ಪ ಬಂದರೆ ಕೊಡಬೇಕು ಅಂತ ನೀನೇ ಹೇಳಿದ್ದಲ್ಲ ಎಂದೂ ಕೇಳಿದಳು. ಎಂಟಕ್ಕನಿಗೆ ತಾನೇ ಹೇಳಿಕೊಟ್ಟ ಕಥೆ ತನ್ನ ಮುಂದೆಯೇ ದೊಣ್ಣೆ ಹಿಡಿದು ನಿಂತ ಹಾಗಾಯಿತು. ಯೋಚಿಸಿದಳು.

“ಅವನು ಬಂದಿದ್ದು ನಿನ್ನ ಬಾಗಿಲಿಗಲ್ಲ, ನಿಮ್ಮಪ್ಪನ ಬಾಗಿಲಿಗೆ. ಇನ್ನು ಆಸ್ಪತ್ರೆ ಮಾತು. ಕೈ ಮುರಿದೋಳು ನಾನು, ಕಟ್ಟಿಸೋಳೂ ನಾನೇ. ನನ್ನ ಹತ್ರ ನನ್ನ ಗುಂಡು ಬೇರೆ ಇದೆ.”

ಅದು ನಿಜವಾಗಿತ್ತು. ಹದಿನೆಂಟು ವರ್ಷದಿಂದ ಮನೆಯ ಒಲೆಯ ಪಕ್ಕ ಮಣೆಯಂತೆ ಬಳಸುತ್ತಿದ್ದ ಕರಿಗುಂಡನ್ನು ಅವಳು ಆ ಸಂಜೆಯೇ ಒಡೆದಳು. ಒಂದೇ ಕೈಯಲ್ಲಿ ಒಡೆಯಲು ಹೊತ್ತು ಹಿಡಿಯಿತು. ಮಾಡು ಸೋರುವ ಮನೆಗೆ ಹೊಸ ತಗಡು ಹಾಕಿಸಬೇಕೆಂದಿದ್ದ ಹಣ ಅದು. ಮಾಡು ಸೋರುತ್ತಲೇ ಉಳಿಯಿತು.

ಶನಿವಾರ ಮಧ್ಯಾಹ್ನ ಚಪ್ಪರದ ಕೆಳಗೆ ಮಕ್ಕಳು ಸುತ್ತ ನಿಂತವು. ಭುಜದ ಮೇಲೆ ತಗ್ಗಿದ್ದ ಗುಂಡನ್ನು ಎಂಟಕ್ಕ ಕಾಲಿನಿಂದ ಹೊರಳಿಸಿ, ಉಳಿಯನ್ನು ಚಿಲಕಳ ಕೈಗೂ ಸುತ್ತಿಗೆಯನ್ನು ಗುಮಾಸ್ತನ ಕೈಗೂ ಕೊಟ್ಟಳು. ಗುಮಾಸ್ತ ಹನ್ನೊಂದು ಏಟು ಹಾಕಿದ ಮೇಲೆ ಅದು ಬಾಯಿಬಿಟ್ಟಿತು. ಎಂಟಕ್ಕನ ಮೂರು ಏಟಿನ ಕೆಲಸ ಎಂದು ಯಾರೋ ನೆನಪಿಸಿದರು. ಪಂದ್ಯ ನನ್ನ ಮೇಲೆ ಲಾಗೂ ಆಗುವುದಿಲ್ಲ ಎಂದ ಗುಮಾಸ್ತ. ಕಾಸು ಎಣ್ಣೆಮಣ್ಣು ಮೆತ್ತಿಕೊಂಡು ಕಪ್ಪಾಗಿತ್ತು. ತಂತಿಯ ಬಾಗು ಮುಟ್ಟಿ ಮುಟ್ಟಿ ಹಂಚಿದರು. ಡಂಗುರನ ತಂತಿಯಲ್ಲಿ ಒಂಬತ್ತೇ ಬಾಗು. ಮಿಠಾಯಿ ತಿಂದವರಿಗೆ ಅಷ್ಟೇ ಎಂದು ಉಳಿದವರು ಕಿಚಾಯಿಸಿದರು, ಅವನು ಈ ಸಲ ತುಟಿ ಬಿಚ್ಚಲಿಲ್ಲ. ಹೊಲಿಗೆ ಯಂತ್ರವನ್ನು ತೂಕಕ್ಕಿಟ್ಟರು. ಚಿಲಕ ಅಂಗಿಯ ಚುಂಗಿನಲ್ಲಿ ಹೊತ್ತು ತಂದ ಕಾಸನ್ನು ಯಜಮಾನನ ಮೇಜಿನ ಮೇಲೆ ಸುರಿದಳು. ಐದು ನಾಣ್ಯ ಉಳಿದವು. ಅವನ್ನು ಎಂಟಕ್ಕ ತೂತು ಕೊರೆಸಿಟ್ಟ ಹೊಸ ಕರಿಗುಂಡಿನೊಳಗೆ ಹಾಕಿದಳು.

ಭಾನುವಾರ ಇಸ್ಪೀಟಿನ ಮನೆಯ ಇಬ್ಬರು ತಮ್ಮನ ಬಾಗಿಲಿಗೆ ಬಂದರು. ಪಟ್ಟಿ ಕಟ್ಟಿದ ಕೈ ನೋಡಿ ಒಬ್ಬ ನಕ್ಕುಬಿಟ್ಟ. ನಾವು ಮಾಡಬೇಕಾದ ಕೆಲಸ ಬೇರೆ ಯಾರೋ ಮಾಡಿಬಿಟ್ಟಿದ್ದಾರಲ್ಲ ಎಂದ. ಯಾರು ಎಂದು ಕೇಳಿದಾಗ ಒಳಗಿನಿಂದ ಎಂಟಕ್ಕ ಬಂದು ಹೊಸ್ತಿಲಲ್ಲಿ ನಿಂತಳು. ಕೈ ಕೂಡಿದ ಮೇಲೆ ವಾರ ವಾರ ದುಡಿದು ತೀರಿಸುತ್ತಾನೆ, ಅದಕ್ಕೆ ಮುಂಚೆ ಮುಟ್ಟಿದರೆ ಮುರಿಯುವ ಇನ್ನೊಂದು ಮಣಿಕಟ್ಟು ಯಾರದ್ದೆಂದು ನಾನೇ ಆರಿಸುತ್ತೇನೆ ಎಂದಳು. ಅವರು ಎರಡು ತಿಂಗಳು ಎಂದು ಹೇಳಿ ಹೋದರು. ಎರಡು ತಿಂಗಳ ಮೇಲೆ ಬಂದೇ ಬರುತ್ತಾರೆ, ಅದು ಅವಳಿಗೂ ಗೊತ್ತು.

ತಮ್ಮ ಹತ್ತು ದಿನ ಅವಳ ಜೊತೆ ಮಾತಾಡಲಿಲ್ಲ. ಹನ್ನೊಂದನೆಯ ದಿನ ಸಂಜೆ ಅಂಗಳಕ್ಕೆ ಬಂದ. ಒಂದು ಕೈಯವನಿಗೆ ಯಜಮಾನ ಕೆಲಸ ಕೊಡಲಿಲ್ಲ. ಕುಂಟುತ್ತಾ ಬಂದು ಚಪ್ಪರದ ಕಂಬಕ್ಕೆ ಒರಗಿ ನಿಂತ. ಎಂಟಕ್ಕ ಸುತ್ತಿಗೆಯನ್ನು ತನ್ನ ಬಲಬದಿಗೆ ಸರಿಸಿಕೊಂಡಳು. ಅಷ್ಟು ಎಚ್ಚರ ಅವಳಿಗೆ ಈಗ ಇತ್ತು.

“ಕಥೆ ಇಲ್ವಾ ಇವತ್ತು?” ಎಂದ ಅವನು, ಯಾರನ್ನೂ ನೋಡದೆ.

ಡಂಗುರ ಅಯಸ್ಕಾಂತದ ಕೋಲು ಅವನ ಮುಂದೆ ಚಾಚಿದ.

“ಮೊದಲು ಕೆಲಸ, ಮಾವ.”

ಅವನು ಕೋಲನ್ನೇ ನೋಡುತ್ತಾ ನಿಂತ. ಹೊರಟುಹೋಗುತ್ತಾನೆ ಎಂದು ಎಲ್ಲರೂ ಅಂದುಕೊಂಡರು. ಆಮೇಲೆ ಸುಟ್ಟ ಕಾಲನ್ನು ಚಾಚಿಕೊಂಡು ಮೆಲ್ಲಗೆ ಕೂತು, ಎಡಗೈಯಲ್ಲಿ ಮಣ್ಣಿನ ಮೇಲೆ ಅದನ್ನು ಎಳೆಯತೊಡಗಿದ. ಅಭ್ಯಾಸವಿಲ್ಲದ ಕೈ, ಆರಿಸಿ ಹಾಕುವಾಗ ತಾಮ್ರಕ್ಕಿಂತ ಮಣ್ಣೇ ಹೆಚ್ಚು ಡಬ್ಬಿಗೆ ಬಿತ್ತು. ಚಿಲಕ ಹತ್ತಿರ ಹೋಗಿ ಒಂದು ತುಂಡು ತಂತಿ ಅವನ ಪಕ್ಕದಲ್ಲಿಟ್ಟು ಬಂದಳು. ನೇರ ತಂತಿ, ಇನ್ನೂ ಒಂದೂ ಬಾಗು ಇಲ್ಲ.

ಎಂಟಕ್ಕ ಆವತ್ತು ಬೆರಳಿನ ಕಥೆ ಎತ್ತಿಕೊಂಡಳು. ಹನ್ನೆರಡು ವರ್ಷದ ಹುಡುಗಿ, ತಗಡು, ತಣ್ಣಗೆ ಅನಿಸಿದ್ದು, ಕಾಗದದಲ್ಲಿ ಸುತ್ತಿದ ಹಣ. ಮೊದಲ ದಿನ ಕುಡಿದರು. ಎರಡನೆಯ ದಿನ ಆಡಿದರು. ಮೂರನೆಯ ದಿನ ಅಪ್ಪನನ್ನು ಚರಂಡಿಯಲ್ಲಿ ಒದ್ದರು. ಈಗ ಬೆಲೆ ಕೇಳುತ್ತಾಳೆ ಎಂದು ಮಕ್ಕಳು ಕಾದವು. ಅವಳು ಕೇಳಲಿಲ್ಲ.

“ಆದ್ರೆ ಮೊದಲ ದಿನ, ಕುಡಿಯೋಕೆ ಹೋಗೋ ಮುಂಚೆ, ಅಪ್ಪ ಒಂದು ಅಂಗಡಿ ಮುಂದೆ ನಿಂತಿದ್ದ. ಅವನಿಗೊಬ್ಬ ಪುಟ್ಟ ಮಗ ಇದ್ದ, ಬರಿಗಾಲಲ್ಲಿ ಓಡಾಡ್ತಿದ್ದ. ಅವನಿಗೆ ಅಂತ ಒಂದು ಜೊತೆ ಬೂಟು ತಂದ. ಕೆಂಪು ಬಣ್ಣದ್ದು.”

ಮಣ್ಣಿನ ಮೇಲೆ ಎಳೆಯುತ್ತಿದ್ದ ಕೋಲು ನಿಂತಿತು.

“ಆಮೇಲೆ?” ಎಂದ ಡಂಗುರ.

ಎಂಟಕ್ಕ ತಮ್ಮನ ಕಡೆ ತಿರುಗಲಿಲ್ಲ. ಅವನು ತನ್ನ ಪಾದಗಳನ್ನು ನೋಡುತ್ತಿದ್ದುದು ಅವಳಿಗೆ ನೋಡದೆಯೇ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ಕೋಲು ಮತ್ತೆ ಎಳೆಯುವ ಸದ್ದು ಕೇಳಿತು, ಮೊದಲಿಗಿಂತ ನಿಧಾನವಾಗಿ. ಆಗ ಅವಳು ಕಥೆ ಮುಂದುವರಿಸಿದಳು.